ವರ್ಚುವಲ್ ಮಷೀನ್ ನೆಟ್‌ವರ್ಕಿಂಗ್ ಕೈಪಿಡಿಯ ತಪ್ಪುಗಳನ್ನು ತಿದ್ದುವುದು ಹೇಗೆ: ಹಂತಹಂತದ ಮಾರ್ಗದರ್ಶಿ

ವರ್ಚುವಲ್ ಮಷೀನ್‌ಗೆ (ಒಂದು ಯಂತ್ರದೊಳಗೆ ತಂತ್ರಾಂಶವಾಗಿ ಓಡುವ ಇನ್ನೊಂದು ಯಂತ್ರಕ್ಕೆ) ನೆಟ್‌ವರ್ಕ್ ಜೋಡಿಸುವ ಕೈಪಿಡಿಯ ಏಳನೇ ಹಂತದಲ್ಲಿ ಓದುಗರು ಮುಗ್ಗರಿಸಿದರೆ, ತಿದ್ದಲು ಬಂದವರು ಏಳನೇ ಹಂತವನ್ನೇ ತಿದ್ದುತ್ತಾರೆ. ತಿದ್ದಿದ ಕಮಾಂಡ್ ಅವರ ಯಂತ್ರದಲ್ಲಿ ಓಡುತ್ತದೆ. ಮುಂದಿನ ಓದುಗರಿಗೆ ಎಂಟನೇ ಹಂತ ಕೈಕೊಡುತ್ತದೆ. ನೆಟ್‌ವರ್ಕಿಂಗ್‌ನಲ್ಲಿ ತಪ್ಪು ನಡೆದ ಜಾಗ ಒಂದಾದರೆ ಅದು ಕಣ್ಣಿಗೆ ಬೀಳುವ ಜಾಗ ಇನ್ನೊಂದು, ಮತ್ತು ಎರಡರ ನಡುವೆ ನಾಲ್ಕೈದು ಹಂತಗಳ ಅಂತರ ಇರುವುದೇ ಹೆಚ್ಚು. ಆದ್ದರಿಂದ ಪಠ್ಯಕ್ಕೆ ಕೈ ಹಚ್ಚುವ ಮೊದಲು ಮಾಡಬೇಕಾದ ಕೆಲಸವೇ ಈ ಮಾರ್ಗದರ್ಶಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತೆಗೆದುಕೊಂಡಿದೆ.

ಉದಾಹರಣೆಗಳು ಮುಖ್ಯವಾಗಿ ಲಿನಕ್ಸ್ ಹೋಸ್ಟ್‌ನ ಮೇಲಿನ ಕೆವಿಎಂ ಮತ್ತು ಲಿಬ್‌ವರ್ಟ್‌ಗೆ ಸೇರಿದವು. ವರ್ಚುವಲ್ ಮಷೀನನ್ನು ಓಡಿಸುವ ಯಂತ್ರ ಹೋಸ್ಟ್, ಅದರೊಳಗೆ ಓಡುವ ವರ್ಚುವಲ್ ಮಷೀನ್ ಗೆಸ್ಟ್; ಗೆಸ್ಟನ್ನು ಓಡಿಸುವ ಲಿನಕ್ಸ್‌ನ ಭಾಗ ಕೆವಿಎಂ, ಅದನ್ನು ನಿರ್ವಹಿಸುವ ತಂತ್ರಾಂಶ ಲಿಬ್‌ವರ್ಟ್. ಅಲ್ಲಲ್ಲಿ ಅಂಥದೇ ಇನ್ನೊಂದು ತಂತ್ರಾಂಶವಾದ ವರ್ಚುವಲ್‌ಬಾಕ್ಸ್ ಕೂಡ ಬರುತ್ತದೆ. ಕಮಾಂಡ್‌ಗಳನ್ನು ಓದುವಾಗ ಉಚ್ಚರಿಸುವಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹಂತ 1: ಬೇಕಾದ ಸಲಕರಣೆಗಳನ್ನು ಹೊಂದಿಸಿಕೊಳ್ಳಿ

ಮೊದಲಿಗೆ ಕೆಟ್ಟರೂ ಯಾರಿಗೂ ತೊಂದರೆಯಾಗದ ಒಂದು ಹೋಸ್ಟ್ ಯಂತ್ರ ಬೇಕು. ಕಚೇರಿಯ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ಹೋಗಿ ಬ್ರಿಡ್ಜ್ (ಯಂತ್ರದೊಳಗಿನ ವರ್ಚುವಲ್ ಸ್ವಿಚ್) ಪ್ರಯೋಗ ಮಾಡಿದರೆ, ಎನ್‌ಐಸಿಯನ್ನು (ನೆಟ್‌ವರ್ಕ್ ಕಾರ್ಡನ್ನು) ಬ್ರಿಡ್ಜ್‌ಗೆ ಸೇರಿಸಿದ ಕ್ಷಣವೇ ಸಂಪರ್ಕ ಕಡಿದುಹೋಗಬಹುದು. ಆಮೇಲೆ ಡೇಟಾ ಸೆಂಟರ್‌ನವರಿಗೆ ಫೋನ್ ಮಾಡಿ ಕೂರಬೇಕಾಗುತ್ತದೆ. ಕೀಬೋರ್ಡ್ ಮತ್ತು ಪರದೆ ನೇರವಾಗಿ ಸಿಗುವ ಯಂತ್ರವನ್ನೋ ಸೀರಿಯಲ್ ಕನ್ಸೋಲ್ ಇರುವ ಯಂತ್ರವನ್ನೋ ಬಳಸಿ. ಹೋಸ್ಟನ್ನೇ ಒಂದು ವರ್ಚುವಲ್ ಮಷೀನ್ ಆಗಿ ಮಾಡಿಕೊಂಡು ಸ್ನ್ಯಾಪ್‌ಶಾಟ್ (ಮತ್ತೆ ಮರಳಬಹುದಾದ ಸ್ಥಿತಿಯ ಪ್ರತಿ) ತೆಗೆದಿಟ್ಟುಕೊಂಡರೆ ಇನ್ನೂ ಅನುಕೂಲ. ಆದರೆ ಹೊರಗಿನ ಹೋಸ್ಟ್ ಮತ್ತು ಒಳಗಿನ ಹೋಸ್ಟ್ ಎರಡರಲ್ಲೂ ಲಿಬ್‌ವರ್ಟ್‌ನ ಡಿಫಾಲ್ಟ್ ನೆಟ್‌ವರ್ಕ್ 192.168.122.0/24 ಆಗಿಯೇ ಇದ್ದರೆ ಅವು ಡಿಕ್ಕಿ ಹೊಡೆಯುತ್ತವೆ, ಮತ್ತು ಕೈಪಿಡಿಯಲ್ಲಿ ಇಲ್ಲದ ತಪ್ಪೊಂದು ಇದ್ದಂತೆ ಕಾಣುತ್ತದೆ. ಒಳಗಿನದನ್ನು ಮೊದಲೇ ಬೇರೆ ಸಬ್‌ನೆಟ್‌ಗೆ (ವಿಳಾಸಗಳ ಗುಂಪಿಗೆ) ಬದಲಿಸಿ.

ತಂತ್ರಾಂಶಗಳಲ್ಲಿ ಐಪಿ ಮತ್ತು ಬ್ರಿಡ್ಜ್ ಎಂಬ ಕಮಾಂಡ್‌ಗಳು, ವರ್ಶ್ (ಲಿಬ್‌ವರ್ಟ್‌ನ ಕಮಾಂಡ್), ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವುದು), ಗಿಟ್ (ಫೈಲುಗಳ ಬದಲಾವಣೆಗಳನ್ನು ದಾಖಲಿಸುವುದು) ಮತ್ತು ಒಂದು ಸಾದಾ ಟೆಕ್ಸ್ಟ್ ಎಡಿಟರ್ ಇದ್ದರೆ ಸಾಕು. ವರ್ಡ್ ಪ್ರೊಸೆಸರ್‌ನಲ್ಲಿ ಕಮಾಂಡ್ ಬರೆಯಬಾರದು. ಏಕೆಂಬುದು ಆರನೇ ಹಂತದಲ್ಲಿ ಇದೆ.

ಹಂತ 2: ಇದು ತಪ್ಪೋ, ಹಳತಾದದ್ದೋ ನಿರ್ಧರಿಸಿ

ಬರೆದ ದಿನವೇ ತಪ್ಪಾಗಿದ್ದ ವಾಕ್ಯವನ್ನು ತಿದ್ದುವ ರೀತಿ ಬೇರೆ, ಅಂದು ಸರಿಯಾಗಿದ್ದು ಇಂದು ಹಳತಾದ ವಾಕ್ಯವನ್ನು ತಿದ್ದುವ ರೀತಿ ಬೇರೆ. ಮೊದಲನೆಯದನ್ನು ಅಳಿಸಿ ಬರೆಯಬಹುದು. ಎರಡನೆಯದನ್ನು ಅಳಿಸಿದರೆ ಹಳೆಯ ಆವೃತ್ತಿ ಬಳಸುವವರ ದಾರಿ ಮುಚ್ಚಿಹೋಗುತ್ತದೆ. ಅಲ್ಲಿ ಆವೃತ್ತಿಯ ಸಂಖ್ಯೆ ಹಾಕಿ ಎರಡು ದಾರಿಗಳನ್ನೂ ತೋರಿಸಬೇಕು.

ಹಳತಾದವುಗಳ ಪೈಕಿ ಹೆಚ್ಚಾಗಿ ಎದುರಾಗುವವು ಇವು. ನೆಟ್‌ಪ್ಲಾನ್ (ಉಬುಂಟುವಿನಲ್ಲಿ ನೆಟ್‌ವರ್ಕ್ ಸಂರಚಿಸುವ ವ್ಯವಸ್ಥೆ) ಫೈಲಿನ ಗೇಟ್‌ವೇ4 ಎಂಬ ಕೀಲಿಪದವನ್ನು ಕೈಬಿಡಲಾಗಿದ್ದು, ಅದರ ಬದಲು ರೂಟ್ಸ್ ಭಾಗದಲ್ಲಿ ಡಿಫಾಲ್ಟ್ ದಾರಿಯನ್ನು ಬರೆಯಬೇಕು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಹೊಸ ಸಂಪರ್ಕಗಳು ಹಳೆಯ ಐಎಫ್‌ಸಿಎಫ್‌ಜಿ ಫೈಲುಗಳಲ್ಲಿ ಉಳಿಯುವುದಿಲ್ಲ, ನೆಟ್‌ವರ್ಕ್‌ಮ್ಯಾನೇಜರ್‌ನ ಕೀಫೈಲ್‌ಗಳಲ್ಲಿ ಉಳಿಯುತ್ತವೆ. ವರ್ಚುವಲ್‌ಬಾಕ್ಸ್ 6.1.28ರಿಂದ ಲಿನಕ್ಸ್ ಮತ್ತು ಮ್ಯಾಕ್‌ಓಎಸ್ ಹೋಸ್ಟ್‌ಗಳಲ್ಲಿ ಹೋಸ್ಟ್-ಓನ್ಲಿ (ಹೋಸ್ಟ್ ಮತ್ತು ಗೆಸ್ಟ್‌ಗಳ ನಡುವೆ ಮಾತ್ರ ನಡೆಯುವ ನೆಟ್‌ವರ್ಕ್‌ನ) ವಿಳಾಸಗಳು 192.168.56.0/21ರ ಒಳಗೇ ಇರಬೇಕು; ಹೊರಗಿನ ವಿಳಾಸ ಬೇಕೆಂದರೆ ನೆಟ್‌ವರ್ಕ್ಸ್ ಡಾಟ್ ಕಾನ್ಫ್ ಫೈಲಿನಲ್ಲಿ ಅನುಮತಿ ಬರೆಯಬೇಕು. ಲಿಬ್‌ವರ್ಟ್ 10.4ರಿಂದ ವರ್ಚುವಲ್ ನೆಟ್‌ವರ್ಕ್‌ನ ಫೈರ್‌ವಾಲ್ ನಿಯಮಗಳು ಹಳೆಯ ಐಪಿಟೇಬಲ್ಸ್ ಬದಲು ಹೊಸ ಎನ್‌ಎಫ್‌ಟೇಬಲ್ಸ್‌ನಲ್ಲಿ ಬರಬಲ್ಲವು, ಆದ್ದರಿಂದ ಐಪಿಟೇಬಲ್ಸ್ ಪಟ್ಟಿಯಲ್ಲಿ ಮಾಸ್ಕರೇಡ್ (ಗೆಸ್ಟ್‌ನ ವಿಳಾಸ ಬದಲಿಸಿ ಕಳಿಸುವ) ಸಾಲು ಕಾಣಬೇಕು ಎನ್ನುವ ಹಳೆಯ ಕೈಪಿಡಿ ಓದುಗರನ್ನು ಸುಮ್ಮನೆ ಗಾಬರಿಪಡಿಸುತ್ತದೆ. ಬಿಆರ್‌ಸಿಟಿಎಲ್, ಐಎಫ್‌ಕಾನ್ಫಿಗ್ ಕಮಾಂಡ್‌ಗಳು ಇಂದಿಗೂ ಕೆಲವೆಡೆ ಓಡುತ್ತವೆ, ಆದರೆ ಹೊಸದಾಗಿ ಅನುಸ್ಥಾಪಿಸಿದ ಯಂತ್ರಗಳಲ್ಲಿ ಅವು ಇರುವ ಖಾತ್ರಿಯಿಲ್ಲ.

ಕೈಪಿಡಿಯಲ್ಲಿ ಎಲ್ಲಿಯೂ ಆವೃತ್ತಿಯ ಸಂಖ್ಯೆಯೇ ಇಲ್ಲದಿದ್ದರೆ, ಅದನ್ನು ಮೊದಲ ತಪ್ಪೆಂದು ಗುರುತು ಹಾಕಿಕೊಳ್ಳಿ.

ಹಂತ 3: ಬರೆದಂತೆಯೇ ನಡೆದು ತಪ್ಪನ್ನು ಮತ್ತೆ ಬರಿಸಿ

ಹೊಸದಾಗಿ ಅನುಸ್ಥಾಪಿಸಿದ ಯಂತ್ರದಲ್ಲಿ ಕೈಪಿಡಿಯ ಮೊದಲ ಸಾಲಿನಿಂದ ಆರಂಭಿಸಿ. ಅನುಭವಿಗಳಿಗೆ ಇದೇ ಕಷ್ಟದ ಹಂತ. ಕೈಪಿಡಿಯಲ್ಲಿ ಸುಡೊ (ನಿರ್ವಾಹಕರ ಅಧಿಕಾರದಿಂದ ಓಡಿಸುವ ಪದ) ಎಂದು ಬರೆದಿಲ್ಲದಿದ್ದರೂ ಬೆರಳು ತಾನಾಗಿ ಸುಡೊ ಟೈಪ್ ಮಾಡಿರುತ್ತದೆ. ಫೈಲಿನ ಹೆಸರು ತಪ್ಪಿದ್ದರೂ ಟ್ಯಾಬ್ ಒತ್ತಿ ಸರಿಯಾದ ಹೆಸರು ಬರಿಸಿಕೊಂಡಿರುತ್ತೇವೆ. ಆದ್ದರಿಂದ ಟೈಪ್ ಮಾಡದೆ, ಪುಟದಿಂದ ನಕಲಿಸಿ ಅಂಟಿಸಿ. ಸ್ಕ್ರಿಪ್ಟ್ ಎಂಬ ಕಮಾಂಡನ್ನು ಮೊದಲೇ ಓಡಿಸಿಟ್ಟರೆ ಟರ್ಮಿನಲ್‌ನಲ್ಲಿ ಕಂಡದ್ದೆಲ್ಲ ಫೈಲಿಗೆ ಇಳಿಯುತ್ತದೆ. ಪ್ರತಿ ಹಂತದ ನಂತರ ಐಪಿ ಅಡ್ರೆಸ್, ಐಪಿ ರೂಟ್ ಮತ್ತು ಬ್ರಿಡ್ಜ್ ಲಿಂಕ್ ಓಡಿಸಿ ಸ್ಥಿತಿಯನ್ನು ದಾಖಲಿಸಿ.

ಇದನ್ನು ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಒಂದು ಕಾಲೇಜಿನ ಲ್ಯಾಬ್ ಕೈಪಿಡಿಯನ್ನು ತಿದ್ದಿಕೊಡುವಾಗ ನಾನೇ ಎಡವಿದ್ದೆ. ಅದರಲ್ಲಿ ಗೆಸ್ಟ್ ಸೃಷ್ಟಿಸಿದ ನಂತರ ಅದರ ವಿಳಾಸವನ್ನು ಡಿಫಾಲ್ಟ್ ನೆಟ್‌ವರ್ಕ್‌ನ ಲೀಸ್ ಪಟ್ಟಿಯಲ್ಲಿ (ಗೆಸ್ಟ್‌ಗಳಿಗೆ ಕೊಟ್ಟ ವಿಳಾಸಗಳ ಪಟ್ಟಿಯಲ್ಲಿ) ನೋಡಿ, ಹೋಸ್ಟ್‌ನಿಂದ ಎಸ್‌ಎಸ್‌ಎಚ್ ಮಾಡಬೇಕೆಂದಿತ್ತು. ವಿದ್ಯಾರ್ಥಿಗಳಿಗೆ ಡಿಫಾಲ್ಟ್ ಎಂಬ ನೆಟ್‌ವರ್ಕೇ ಇಲ್ಲ ಎಂಬ ಉತ್ತರ ಬರುತ್ತಿತ್ತು. ನನಗಿಂತ ಮೊದಲು ತಿದ್ದಿದವರು ನೆಟ್‌ವರ್ಕ್ ಹೊಸದಾಗಿ ಸೃಷ್ಟಿಸುವ ಎರಡು ಸಾಲು ಸೇರಿಸಿದ್ದರು; ಅವು ಅನುಮತಿಯಿಲ್ಲವೆಂದು ಬಿದ್ದುಹೋಗುತ್ತಿದ್ದವು. ಅವರಿಗಿಂತ ಮೊದಲಿನವರು ‘ಆಗದಿದ್ದರೆ ಲಿಬ್‌ವರ್ಟನ್ನು ಮರುಅನುಸ್ಥಾಪಿಸಿ ರೀಬೂಟ್ ಮಾಡಿ’ ಎಂದು ಬರೆದಿದ್ದರು. ನನ್ನ ಯಂತ್ರದಲ್ಲಿ ಮಾತ್ರ ಎಲ್ಲವೂ ಸಲೀಸಾಗಿ ಓಡಿತು, ಏಕೆಂದರೆ ನಾನು ಅಭ್ಯಾಸಬಲದಿಂದ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಕೂತಿದ್ದೆ.

ಒಬ್ಬ ವಿದ್ಯಾರ್ಥಿನಿಯ ಗೆಸ್ಟ್ ಪರದೆಯಲ್ಲಿ 10.0.2.15 ಎಂಬ ವಿಳಾಸ ನೋಡಿದ ಮೇಲೆ ವಿಷಯ ಬಯಲಾಯಿತು. ಅದು 192.168.122 ಸರಣಿಯ ವಿಳಾಸವೇ ಅಲ್ಲ. ಕೆವಿಎಂ ಜೊತೆ ಗೆಸ್ಟನ್ನು ಓಡಿಸುವ ಕ್ಯೂಎಮು ತಂತ್ರಾಂಶದ ಯೂಸರ್ ಮೋಡ್ ನೆಟ್‌ವರ್ಕ್ (ನಿರ್ವಾಹಕರ ಅಧಿಕಾರ ಬೇಡದ್ದು) ಕೊಡುವ ವಿಳಾಸ. ಸಾಮಾನ್ಯ ಬಳಕೆದಾರರಾಗಿ ವರ್ಶ್ ಓಡಿಸಿದರೆ ಅದು ಸಿಸ್ಟಮ್ ಸಂಪರ್ಕಕ್ಕೆ (ಇಡೀ ಯಂತ್ರದ್ದು) ಹೋಗದೆ ಸೆಷನ್ ಸಂಪರ್ಕಕ್ಕೆ (ಆ ಬಳಕೆದಾರರದ್ದು ಮಾತ್ರ) ಹೋಗುತ್ತದೆ; ಅಲ್ಲಿ ಡಿಫಾಲ್ಟ್ ನೆಟ್‌ವರ್ಕ್ ಇರುವುದಿಲ್ಲ, ಗೆಸ್ಟ್ ಸೃಷ್ಟಿಸುವ ವರ್ಟ್-ಇನ್‌ಸ್ಟಾಲ್‌ಗೆ ನೆಟ್‌ವರ್ಕ್ ಆಯ್ಕೆ ಕೊಡದಿದ್ದರೆ ಅದು ಯೂಸರ್ ಮೋಡನ್ನು ಹಿಡಿಯುತ್ತದೆ. ಓದುಗರು ಬಿದ್ದದ್ದು ಏಳನೇ ಹಂತದಲ್ಲಿ, ತಪ್ಪಿದ್ದದ್ದು ಮೂರನೇ ಹಂತದಲ್ಲಿ. ತಿದ್ದುಪಡಿ ಒಂದೇ ಸಾಲು: ಕ್ಯೂಎಮು:///ಸಿಸ್ಟಮ್ ಎಂಬ ಸಂಪರ್ಕವನ್ನು ಮೊದಲೇ ಸ್ಪಷ್ಟವಾಗಿ ಹೇಳುವುದು. ಅದನ್ನು ಬರೆದ ಮೇಲೆ ಹಿಂದಿನವರ ತೇಪೆಗಳನ್ನೆಲ್ಲ ಅಳಿಸಿಹಾಕಿದೆ.

ಹಂತ 4: ಪ್ಯಾಕೆಟ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹುಡುಕಿ

ತಪ್ಪು ಮತ್ತೆ ಬಂದ ನಂತರವೂ ತಿದ್ದಲು ಅವಸರ ಮಾಡಬೇಡಿ. ಗೆಸ್ಟ್‌ನ ಒಳಗಿನ ಇಂಟರ್‌ಫೇಸ್, ಹೋಸ್ಟ್‌ನ ಮೇಲಿನ ಟ್ಯಾಪ್ (ಗೆಸ್ಟ್‌ನ ಇಂಟರ್‌ಫೇಸ್‌ಗೆ ಹೋಸ್ಟ್ ಕಡೆಯ ತುದಿ, ವಿನೆಟ್0ದಂಥ ಹೆಸರಿನದು), ಬ್ರಿಡ್ಜ್, ಹೋಸ್ಟ್‌ನ ರೂಟಿಂಗ್ ಮತ್ತು ಫೈರ್‌ವಾಲ್, ಕೊನೆಗೆ ಭೌತಿಕ ಎನ್‌ಐಸಿ, ಇದೇ ಕ್ರಮದಲ್ಲಿ ಪ್ಯಾಕೆಟ್ ಹೊರಗೆ ಹೋಗುತ್ತದೆ. ಹುಡುಕಾಟವೂ ಇದೇ ಕ್ರಮದಲ್ಲಿ ಸಾಗಬೇಕು.

ವರ್ಶ್ ಡಾಮ್‌ಐಎಫ್‌ಲಿಸ್ಟ್ ಕಮಾಂಡಿಗೆ ಗೆಸ್ಟ್‌ನ ಹೆಸರು ಕೊಟ್ಟರೆ ಯಾವ ಟ್ಯಾಪ್ ಯಾವ ಬ್ರಿಡ್ಜ್‌ಗೆ ಸೇರಿದೆ, ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು) ಏನು ಎಂಬುದು ಒಂದೇ ಸಾಲಿನಲ್ಲಿ ಸಿಗುತ್ತದೆ. ಆಮೇಲೆ ಗೆಸ್ಟ್‌ನಿಂದ ಹೊರಗಿನ ವಿಳಾಸವೊಂದಕ್ಕೆ ಪಿಂಗ್ ಬಿಟ್ಟು, ಹೋಸ್ಟ್‌ನಲ್ಲಿ ಮೂರು ಟರ್ಮಿನಲ್ ತೆರೆದು ಟ್ಯಾಪ್, ಬ್ರಿಡ್ಜ್, ಎನ್‌ಐಸಿ ಮೂರರ ಮೇಲೂ ಟಿಸಿಪಿಡಂಪ್ ಓಡಿಸಿ. ಟ್ಯಾಪ್‌ನಲ್ಲೇ ಏನೂ ಕಾಣದಿದ್ದರೆ ದೋಷ ಗೆಸ್ಟ್‌ನ ಒಳಗಿನ ಸಂರಚನೆಯ ಹಂತಗಳಲ್ಲಿದೆ. ಟ್ಯಾಪ್‌ನಲ್ಲಿ ಕಂಡು ಬ್ರಿಡ್ಜ್‌ನಲ್ಲಿ ಕಾಣದಿದ್ದರೆ ಟ್ಯಾಪ್ ಬ್ರಿಡ್ಜ್‌ನಿಂದ ಕಳಚಿದೆ. ಬ್ರಿಡ್ಜ್‌ವರೆಗೂ ಬಂದು ಎನ್‌ಐಸಿಯಲ್ಲಿ ಕಾಣದಿದ್ದರೆ ಫಾರ್ವರ್ಡಿಂಗ್ ಅಥವಾ ಫೈರ್‌ವಾಲ್ ನೋಡಬೇಕು: ನೆಟ್.ಐಪಿವಿ4.ಐಪಿ_ಫಾರ್ವರ್ಡ್ ಮೌಲ್ಯ 1 ಇದೆಯೇ, ಅದೇ ಹೋಸ್ಟ್‌ನಲ್ಲಿ ಡಾಕರ್ (ಕಂಟೇನರ್‌ಗಳನ್ನು ಓಡಿಸುವ ತಂತ್ರಾಂಶ) ಇದೆಯೇ. ಡಾಕರ್ ತನ್ನ ಸುರಕ್ಷತೆಗೆಂದು ಫಾರ್ವರ್ಡ್ ಸರಣಿಯ ನೀತಿಯನ್ನು ಡ್ರಾಪ್‌ಗೆ (ಪ್ಯಾಕೆಟ್ ಬಿಸಾಡುವುದಕ್ಕೆ) ಬದಲಿಸುತ್ತದೆ. ಬಿಆರ್_ನೆಟ್‌ಫಿಲ್ಟರ್ ಮಾಡ್ಯೂಲ್ ಲೋಡ್ ಆಗಿದ್ದರೆ ಬ್ರಿಡ್ಜ್ ದಾಟುವ ಪ್ಯಾಕೆಟ್‌ಗಳೂ ಆ ನಿಯಮಕ್ಕೆ ಸಿಕ್ಕಿ ಸಾಯುತ್ತವೆ. ಆಗ ಕೈಪಿಡಿಯಲ್ಲಿ ತಪ್ಪು ಸಾಲು ಇರುವುದಿಲ್ಲ, ಇರಬೇಕಾದ ಒಂದು ಎಚ್ಚರಿಕೆ ಇರುವುದಿಲ್ಲ.

ಹೊರಗೆ ಹೋಗಿ ಉತ್ತರ ಮಾತ್ರ ಬಾರದಿದ್ದರೆ ದೋಷ ನೀವಿರುವ ಹೋಸ್ಟ್‌ನದ್ದೇ ಆಗಿರಬೇಕಿಲ್ಲ. ಕ್ಲೌಡ್ ಸೇವೆಗಳಲ್ಲೂ ನಿರ್ವಹಿತ ಸ್ವಿಚ್‌ಗಳಲ್ಲೂ ಅಪರಿಚಿತ ಮ್ಯಾಕ್ ವಿಳಾಸದ ಫ್ರೇಮ್‌ಗಳನ್ನು ತಡೆಯುವ ವ್ಯವಸ್ಥೆ ಇರುತ್ತದೆ.

ಹಂತ 5: ಸಾಮಾನ್ಯ ತಪ್ಪುಗಳ ಜೊತೆ ಹೋಲಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗಬೇಕು. ಕೈಪಿಡಿಗಳಲ್ಲಿ ಕಾಣುವ ತಪ್ಪುಗಳಲ್ಲಿ ಬಹುಪಾಲು ಮುಂದಿನವುಗಳಲ್ಲಿ ಒಂದಾಗಿರುತ್ತದೆ.

ವಿಳಾಸ ಎನ್‌ಐಸಿಯ ಮೇಲೆಯೇ ಉಳಿದಿರುವುದು. ಭೌತಿಕ ಎನ್‌ಐಸಿ ಬ್ರಿಡ್ಜ್‌ನ ಸದಸ್ಯನಾದ ಮೇಲೆ ಐಪಿ ವಿಳಾಸ ಬ್ರಿಡ್ಜ್‌ನ ಮೇಲೆ ಇರಬೇಕು, ಎನ್‌ಐಸಿಯ ಮೇಲೆ ಇರಬಾರದು. ಅನೇಕ ಕೈಪಿಡಿಗಳು ಬಿಆರ್0ಗೆ (ಬ್ರಿಡ್ಜ್‌ಗೆ) ವಿಳಾಸ ಕೊಡುವುದನ್ನು ಹೇಳುತ್ತವೆ, ಇಎನ್‌ಪಿ3ಎಸ್0ಯಿಂದ (ಎನ್‌ಐಸಿಯಿಂದ) ತೆಗೆಯುವುದನ್ನು ಮರೆಯುತ್ತವೆ. ಐಪಿ ರೂಟ್ ಓಡಿಸಿದಾಗ ಒಂದೇ ಸಬ್‌ನೆಟ್‌ಗೆ ಎರಡು ದಾರಿಗಳು ಕಂಡರೆ ಇದೇ ಕಾರಣ. ಸಂಪರ್ಕ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಆದ್ದರಿಂದ ಓದುಗರು ಕೇಬಲ್ ಬದಲಿಸುತ್ತಾ ಕೂರುತ್ತಾರೆ.

ವೈಫೈ ಮೇಲೆ ಬ್ರಿಡ್ಜ್. ಲ್ಯಾಪ್‌ಟಾಪ್‌ನಲ್ಲಿ ಓದುವವರು ಇಎನ್‌ಪಿ3ಎಸ್0 ಇದ್ದ ಕಡೆ ತಮ್ಮ ವೈಫೈ ಇಂಟರ್‌ಫೇಸ್‌ನ ಹೆಸರನ್ನು ಹಾಕುತ್ತಾರೆ. ಸಾಮಾನ್ಯ ವೈಫೈ ಸಂಪರ್ಕದಲ್ಲಿ ಆ್ಯಕ್ಸೆಸ್ ಪಾಯಿಂಟ್ ತನ್ನೊಡನೆ ನೋಂದಾಯಿಸಿಕೊಂಡ ಮ್ಯಾಕ್ ವಿಳಾಸದ ಫ್ರೇಮ್‌ಗಳನ್ನು ಮಾತ್ರ ಒಪ್ಪುತ್ತದೆ, ಗೆಸ್ಟ್‌ನ ಮ್ಯಾಕ್ ಅದಕ್ಕೆ ಗೊತ್ತಿರುವುದಿಲ್ಲ. ವರ್ಚುವಲ್‌ಬಾಕ್ಸ್ ಮ್ಯಾಕ್ ವಿಳಾಸವನ್ನು ಬದಲಿಸಿ ಕಳಿಸುವ ಉಪಾಯದಿಂದ ಇದನ್ನು ದಾಟುತ್ತದೆ. ಲಿನಕ್ಸ್‌ನ ಸಾದಾ ಬ್ರಿಡ್ಜ್ ದಾಟುವುದಿಲ್ಲ. ಕೈಪಿಡಿಯ ಆರಂಭದಲ್ಲೇ ‘ಕೇಬಲ್ ಸಂಪರ್ಕ ಅಗತ್ಯ’ ಎಂದು ಬರೆದರೆ ದೂರುಗಳು ಗಣನೀಯವಾಗಿ ಇಳಿಯುತ್ತವೆ.

ಎನ್‌ಎಟಿ ಎಂಬ ಒಂದೇ ಹೆಸರಿಗೆ ಹಲವು ಅರ್ಥ. ಎನ್‌ಎಟಿ ಎಂದರೆ ಗೆಸ್ಟ್‌ನ ಖಾಸಗಿ ವಿಳಾಸವನ್ನು ಹೋಸ್ಟ್‌ನ ವಿಳಾಸಕ್ಕೆ ಬದಲಿಸಿ ಹೊರಗೆ ಕಳಿಸುವುದು. ವರ್ಚುವಲ್‌ಬಾಕ್ಸ್‌ನಲ್ಲಿ ಎನ್‌ಎಟಿ ಬೇರೆ, ಎನ್‌ಎಟಿ ನೆಟ್‌ವರ್ಕ್ ಬೇರೆ. ಮೊದಲನೆಯದರಲ್ಲಿ ಪ್ರತಿ ಗೆಸ್ಟ್‌ಗೂ ತನ್ನದೇ ಪ್ರತ್ಯೇಕ ರೂಟರ್ ಇದ್ದಂತೆ. ಎರಡು ಗೆಸ್ಟ್‌ಗಳಿಗೂ 10.0.2.15 ಬಂದರೆ ಅದು ವಿಳಾಸಗಳ ಡಿಕ್ಕಿಯಲ್ಲ, ಅದರ ಸ್ವಭಾವವೇ ಹಾಗೆ, ಮತ್ತು ಆ ಗೆಸ್ಟ್‌ಗಳು ಪರಸ್ಪರ ಮಾತಾಡಲಾರವು. ಎರಡನೆಯದರಲ್ಲಿ ಮಾತಾಡಬಲ್ಲವು. ಲಿಬ್‌ವರ್ಟ್‌ನ ಎನ್‌ಎಟಿ ನೆಟ್‌ವರ್ಕ್‌ನಲ್ಲಿ ಗೆಸ್ಟ್‌ಗಳೆಲ್ಲ ವಿರ್‌ಬಿಆರ್0 ಎಂಬ ಒಂದೇ ಬ್ರಿಡ್ಜ್‌ನಲ್ಲಿ ಕೂತು 192.168.122.1 ಎಂಬ ಹೋಸ್ಟ್ ವಿಳಾಸದ ಮೂಲಕ ಹೊರಗೆ ಹೋಗುತ್ತವೆ. ಕೈಪಿಡಿಯಲ್ಲಿ ಬರಿಯ ಎನ್‌ಎಟಿ ಎಂದಿದ್ದರೆ ಯಾವುದರ ಎನ್‌ಎಟಿ ಎಂದು ತಿದ್ದಿ.

ಪಿಂಗ್ ಅನ್ನೇ ಪರೀಕ್ಷೆಯಾಗಿ ಇಟ್ಟಿರುವುದು. ಯೂಸರ್ ಮೋಡ್ ನೆಟ್‌ವರ್ಕ್‌ನಲ್ಲಿ ಹೊರಗಿನ ವಿಳಾಸಕ್ಕೆ ಪಿಂಗ್ ಹೋಗದಿದ್ದರೂ ವೆಬ್ ಪುಟ ತೆರೆಯಬಹುದು. ಅಂಥ ಕಡೆ ಪರೀಕ್ಷೆಯ ಹಂತಕ್ಕೆ ವೆಬ್ ಪುಟ ತರಿಸುವ ಕರ್ಲ್ ಕಮಾಂಡ್ ಬಳಸಿ.

ಮ್ಯಾಕ್‌ವಿಟ್ಯಾಪ್ ಬಳಸಿ ಹೋಸ್ಟ್‌ನಿಂದಲೇ ಪರೀಕ್ಷಿಸುವುದು. ಬ್ರಿಡ್ಜ್ ಇಲ್ಲದೆ ಗೆಸ್ಟನ್ನು ನೇರವಾಗಿ ಎನ್‌ಐಸಿಗೆ ಸೇರಿಸುವ ಮ್ಯಾಕ್‌ವಿಟ್ಯಾಪ್‌ನಲ್ಲಿ ಗೆಸ್ಟ್ ಇಡೀ ಊರಿನೊಡನೆ ಮಾತಾಡುತ್ತದೆ, ತಾನಿರುವ ಹೋಸ್ಟ್‌ನೊಡನೆ ಮಾತ್ರ ಮಾತಾಡುವುದಿಲ್ಲ. ಇದು ವಿನ್ಯಾಸದ ಮಿತಿ. ಪರೀಕ್ಷೆ ಇನ್ನೊಂದು ಯಂತ್ರದಿಂದ ನಡೆಯಬೇಕು ಎಂದು ಬರೆಯಿರಿ.

ಡೆಸ್ಟ್ರಾಯ್ ಪದದ ಭಯ ಮತ್ತು ಎಡಿಟ್ ಪದದ ಭ್ರಮೆ. ವರ್ಶ್ ನೆಟ್-ಡೆಸ್ಟ್ರಾಯ್ ನೆಟ್‌ವರ್ಕನ್ನು ಅಳಿಸುವುದಿಲ್ಲ, ನಿಲ್ಲಿಸುತ್ತದೆ ಅಷ್ಟೇ. ಶಾಶ್ವತ ಸಂರಚನೆಯನ್ನು ತೆಗೆದುಹಾಕುವುದು ನೆಟ್-ಅನ್‌ಡಿಫೈನ್. ಇನ್ನೊಂದು ಕಡೆ, ನೆಟ್-ಎಡಿಟ್‌ನಲ್ಲಿ ಉಳಿಸಿದ ಬದಲಾವಣೆ ನೆಟ್‌ವರ್ಕನ್ನು ನಿಲ್ಲಿಸಿ ಮತ್ತೆ ಆರಂಭಿಸುವವರೆಗೆ ಜಾರಿಗೆ ಬರುವುದಿಲ್ಲ. ಹಾಗೆ ನಿಲ್ಲಿಸಿದಾಗ ಓಡುತ್ತಿದ್ದ ಗೆಸ್ಟ್‌ಗಳ ಟ್ಯಾಪ್‌ಗಳು ಬ್ರಿಡ್ಜ್‌ನಿಂದ ಕಳಚಿಹೋಗುತ್ತವೆ; ಗೆಸ್ಟ್‌ನ ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು, ಗೆಸ್ಟನ್ನು ಪೂರ್ತಿ ಶಟ್‌ಡೌನ್ ಮಾಡಿ ಹೊಸದಾಗಿ ಆರಂಭಿಸಬೇಕು. ಈ ಮೂರನೇ ಮಾತನ್ನು ಬರೆದಿರುವ ಕೈಪಿಡಿಗಳು ತೀರಾ ವಿರಳ.

ಬ್ರಿಡ್ಜ್‌ನ ಗೆಸ್ಟ್‌ಗೆ ತಪ್ಪು ಜಾಗದಲ್ಲಿ ವಿಳಾಸ ಹುಡುಕುವುದು. ವರ್ಶ್ ಡಾಮ್‌ಐಎಫ್‌ಆ್ಯಡರ್ ಬೇರೇನೂ ಹೇಳದಿದ್ದರೆ ಲಿಬ್‌ವರ್ಟ್‌ನ ಸ್ವಂತ ಲೀಸ್ ಪಟ್ಟಿಯನ್ನು ನೋಡುತ್ತದೆ. ಬ್ರಿಡ್ಜ್‌ನ ಗೆಸ್ಟ್‌ಗೆ ವಿಳಾಸ ಕೊಟ್ಟದ್ದು ಹೊರಗಿನ ರೂಟರ್ ಆಗಿರುವುದರಿಂದ ಪಟ್ಟಿ ಖಾಲಿ ಇರುತ್ತದೆ. ಸೋರ್ಸ್ ಆಯ್ಕೆಗೆ ಏಜೆಂಟ್ ಅಥವಾ ಆರ್ಪ್ (ಹೋಸ್ಟ್‌ಗೆ ಗೊತ್ತಿರುವ ಐಪಿ ಮತ್ತು ಮ್ಯಾಕ್ ವಿಳಾಸಗಳ ಪಟ್ಟಿ) ಎಂದು ಕೊಡಬೇಕು. ಏಜೆಂಟ್ ಎಂದರೆ ಗೆಸ್ಟ್‌ನಲ್ಲಿ ಕ್ಯೂಎಮು ಗೆಸ್ಟ್ ಏಜೆಂಟ್ ಓಡುತ್ತಿರಬೇಕು.

ಅಂಕಿಗಳ ತಪ್ಪುಗಳು. ಇವು ಓದಿದರೆ ಸಿಗುವುದಿಲ್ಲ, ಓಡಿಸಿದರಷ್ಟೇ ಸಿಗುತ್ತವೆ. ಕೆವಿಎಂ ಗೆಸ್ಟ್‌ನ ಮ್ಯಾಕ್ ವಿಳಾಸ 52:54:00 ಎಂದು ಆರಂಭವಾಗುತ್ತದೆ. ಯಾರೋ ‘ವಿಶಿಷ್ಟ ವಿಳಾಸ’ ಮಾಡಲೆಂದು ಅದನ್ನು 53:54:00 ಮಾಡಿದರೆ, ಮೊದಲ ಜೋಡಿ ಬೆಸವಾಗಿ ಅದು ಮಲ್ಟಿಕಾಸ್ಟ್ (ಒಂದು ಗುಂಪಿಗೆ ಕಳಿಸುವ) ವಿಳಾಸವಾಗುತ್ತದೆ, ಲಿಬ್‌ವರ್ಟ್ ಅದನ್ನು ತಿರಸ್ಕರಿಸುತ್ತದೆ. ಬದಲಿಸುವುದಿದ್ದರೆ ಕೊನೆಯ ಮೂರು ಜೋಡಿಗಳನ್ನು ಬದಲಿಸಬೇಕು. ಖಾಸಗಿ ವಿಳಾಸಗಳಲ್ಲಿ 172.16.0.0/12ರ ವ್ಯಾಪ್ತಿ 172.31.255.255ರವರೆಗೆ ಇದೆ, ಅದನ್ನು /16 ಎಂದು ಬರೆದ ಫೈರ್‌ವಾಲ್ ನಿಯಮ ಅರ್ಧ ಕಚೇರಿಯನ್ನು ಹೊರಗಿಡುತ್ತದೆ. ವಿಎಕ್ಸ್‌ಲ್ಯಾನ್‌ಗೆ (ಒಂದು ನೆಟ್‌ವರ್ಕ್‌ನ ಫ್ರೇಮ್‌ಗಳನ್ನು ಇನ್ನೊಂದರ ಮೇಲೆ ಸಾಗಿಸುವ ಸುರಂಗಕ್ಕೆ) ನಿಗದಿಯಾದ ಯುಡಿಪಿ ಪೋರ್ಟ್ 4789, ಆದರೆ ಲಿನಕ್ಸ್ ಕರ್ನಲ್ ಪೋರ್ಟ್ ಹೇಳದಿದ್ದರೆ 8472 ಬಳಸುತ್ತದೆ. ಒಂದು ತುದಿ ಲಿನಕ್ಸ್, ಇನ್ನೊಂದು ತುದಿ ಬೇರೆ ಸಾಧನ ಆದಾಗ ಎರಡೂ ಸರಿಯಿದ್ದಂತೆ ಕಂಡು ಸುರಂಗ ಮಾತ್ರ ಮೌನವಾಗಿರುತ್ತದೆ. ಐಪಿವಿ4 ಮೇಲಿನ ವಿಎಕ್ಸ್‌ಲ್ಯಾನ್ 50 ಬೈಟ್ ತಿನ್ನುವುದರಿಂದ ಕೆಳಗಿನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಇದ್ದರೆ ಗೆಸ್ಟ್‌ನದ್ದು 1450 ಇರಬೇಕು. ‘ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಲಾಗಿನ್ ನಡುವೆಯೇ ನಿಂತುಬಿಡುತ್ತದೆ’ ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಇದನ್ನೇ. ಪ್ಯಾಕೆಟ್ ಒಡೆಯಬಾರದೆಂಬ ಆಯ್ಕೆಯೊಡನೆ 1472 ಬೈಟ್‌ನ ಪಿಂಗ್ ಕಳಿಸಿ, ಅದಕ್ಕೆ 28 ಬೈಟ್‌ಗಳ ಹೆಡರ್ ಸೇರಿದರೆ ಸರಿಯಾಗಿ 1500 ಆಗುತ್ತದೆ. ಇನ್ನು ಲಿನಕ್ಸ್‌ನಲ್ಲಿ ಇಂಟರ್‌ಫೇಸ್‌ನ ಹೆಸರು 15 ಅಕ್ಷರ ಮೀರುವಂತಿಲ್ಲ. ವಿಭಾಗ, ಮಹಡಿ, ಕೊಠಡಿ ಎಲ್ಲವನ್ನೂ ಸೇರಿಸಿ ಹೆಸರಿಟ್ಟ ಬ್ರಿಡ್ಜ್ ಹುಟ್ಟುವುದೇ ಇಲ್ಲ.

ಹಂತ 6: ತಿದ್ದುಪಡಿಯನ್ನು ಬರೆಯಿರಿ

ದೋಷದ ಮೂಲ ಸಿಕ್ಕ ಹಂತಕ್ಕೆ ಹೋಗಿ, ಅಲ್ಲಿ ತಿದ್ದಿ, ಅಲ್ಲಿಂದ ಕೆಳಗಿನ ಪ್ರತಿ ಹಂತವನ್ನೂ ಮತ್ತೆ ಓದಿ. ಹಿಂದಿನ ತಪ್ಪನ್ನು ಮುಚ್ಚಲು ಬಂದ ಸಾಲುಗಳನ್ನು ಧೈರ್ಯವಾಗಿ ತೆಗೆಯಿರಿ. ‘ರೀಬೂಟ್ ಮಾಡಿ’, ‘ಫೈರ್‌ವಾಲ್ ನಿಲ್ಲಿಸಿ’, ‘ಸೆಲಿನಕ್ಸ್ ಆಫ್ ಮಾಡಿ’ ಎಂಬ ಮೂರು ಸೂಚನೆಗಳಲ್ಲಿ ಯಾವುದಾದರೂ ಕಾರಣ ಹೇಳದೆ ಬಂದಿದ್ದರೆ, ಬರೆದವರಿಗೆ ಕಾರಣ ಗೊತ್ತಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ. ಈವರೆಗೆ ಈ ಅನುಮಾನ ಸುಳ್ಳಾದದ್ದು ಕಡಿಮೆ.

ಪ್ರತಿ ಕಮಾಂಡ್‌ನ ಮೇಲೆ ಅದು ಹೋಸ್ಟ್‌ನಲ್ಲಿ ಓಡಬೇಕೋ ಗೆಸ್ಟ್‌ನಲ್ಲಿ ಓಡಬೇಕೋ ಎಂಬುದನ್ನು ಬರೆಯಲೇಬೇಕು. ಎರಡೂ ಲಿನಕ್ಸ್ ಆಗಿದ್ದು, ಎರಡರ ಪ್ರಾಂಪ್ಟ್ ಒಂದೇ ರೀತಿ ಕಾಣುವಾಗ ಓದುಗರು ತಪ್ಪು ಕಿಟಕಿಯಲ್ಲಿ ಟೈಪ್ ಮಾಡುವುದು ಸಹಜ. ಕಮಾಂಡ್‌ನ ಕೆಳಗೆ ಬರಬೇಕಾದ ಔಟ್‌ಪುಟ್‌ನ ಒಂದೆರಡು ಸಾಲು ಕೊಡಿ. ಅದು ಬಾರದಿದ್ದರೆ ಮುಂದೆ ಹೋಗದೆ ಅಲ್ಲೇ ನಿಲ್ಲಬೇಕೆಂದು ಹೇಳಿ. ಐಪಿ ಕಮಾಂಡ್‌ನಿಂದ ಮಾಡಿದ್ದು ರೀಬೂಟ್ ಆದರೆ ಹೋಗುತ್ತದೆ, ನೆಟ್‌ಪ್ಲಾನ್ ಅಥವಾ ನೆಟ್‌ವರ್ಕ್‌ಮ್ಯಾನೇಜರ್‌ನ ಎನ್‌ಎಂಸಿಎಲ್‌ಐಯಿಂದ ಮಾಡಿದ್ದು ಉಳಿಯುತ್ತದೆ ಎಂಬ ವ್ಯತ್ಯಾಸವೂ ಅಲ್ಲೇ ಇರಲಿ. ಲಿಬ್‌ವರ್ಟ್ ನೆಟ್‌ವರ್ಕ್ ಆದರೆ ಹೋಸ್ಟ್ ಆರಂಭವಾದಾಗ ಅದು ತಾನಾಗಿ ಆರಂಭವಾಗುವಂತೆ ಮಾಡುವ ನೆಟ್-ಆಟೋಸ್ಟಾರ್ಟ್ ಹಂತ ಬಿಟ್ಟುಹೋಗಿದೆಯೇ ನೋಡಿ.

ಸಂಪರ್ಕ ಕಡಿಯಬಲ್ಲ ಹಂತದ ಎಚ್ಚರಿಕೆಯನ್ನು ಆ ಹಂತದ ಮೊದಲು ಬರೆಯಬೇಕು. ಕಡಿದ ಮೇಲೆ ಓದಿ ಪ್ರಯೋಜನವಿಲ್ಲ. ನೆಟ್‌ಪ್ಲಾನ್ ಇರುವಲ್ಲಿ ನೆಟ್‌ಪ್ಲಾನ್ ಅಪ್ಲೈ ಬದಲು ನೆಟ್‌ಪ್ಲಾನ್ ಟ್ರೈ ಎಂದು ತಿದ್ದುವುದು ಒಳ್ಳೆಯದು, 120 ಸೆಕೆಂಡಿನಲ್ಲಿ ಒಪ್ಪಿಗೆ ಸಿಗದಿದ್ದರೆ ಅದು ಹಳೆಯ ಸ್ಥಿತಿಗೆ ಮರಳುತ್ತದೆ. ಆದರೆ ಬ್ರಿಡ್ಜ್‌ಗೆ ವಿಶೇಷ ನಿಯತಾಂಕಗಳನ್ನು ಕೊಟ್ಟಿದ್ದರೆ ಅದು ಹಾಗೆ ಮರಳಿಸಲಾರದು. ಆದ್ದರಿಂದ ಕನ್ಸೋಲ್ ಬೇಕೆಂಬ ಮಾತು ಉಳಿಯಲಿ.

ಉದಾಹರಣೆಯ ವಿಳಾಸಗಳಿಗೆ ಯಾರದೋ ನಿಜವಾದ ಸಾರ್ವಜನಿಕ ಐಪಿ ಬಳಸಬೇಡಿ. ಕೈಪಿಡಿಗಳಿಗೆಂದೇ 192.0.2.0/24, 198.51.100.0/24 ಮತ್ತು 203.0.113.0/24 ಎಂಬ ಮೂರು ಗುಂಪುಗಳನ್ನು 2010ರ ಆರ್‌ಎಫ್‌ಸಿ 5737 ಮೀಸಲಿಟ್ಟಿದೆ. ಐಪಿವಿ6ಗೆ 2001:ಡಿಬಿ8::/32 ಇದೆ. ಓದುಗರು ಇದ್ದಂತೆಯೇ ಓಡಿಸಬೇಕಾದ ಖಾಸಗಿ ವಿಳಾಸಕ್ಕೂ, ತಾವು ಬದಲಿಸಿಕೊಳ್ಳಬೇಕಾದ ಮಾದರಿ ವಿಳಾಸಕ್ಕೂ ಇರುವ ಭೇದ ಇದರಿಂದ ತಾನಾಗಿ ತಿಳಿಯುತ್ತದೆ.

ಇನ್ನು ಅಕ್ಷರಗಳ ಮಾತು. ವರ್ಡ್ ಪ್ರೊಸೆಸರ್ ಎರಡು ಅಡ್ಡಗೆರೆಗಳನ್ನು ಒಂದು ಉದ್ದಗೆರೆಯಾಗಿ, ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಮಾರ್ಪಡಿಸುತ್ತದೆ. ಕಣ್ಣಿಗೆ ಚೆಂದ, ಟರ್ಮಿನಲ್‌ಗೆ ವಿಷ. ನೆಟ್‌ಪ್ಲಾನ್‌ನ ಯಾಮ್ಲ್ ಫೈಲಿನಲ್ಲಿ ಟ್ಯಾಬ್ ಅಕ್ಷರ ಬಂದರೆ ಫೈಲೇ ಓದಿಸಿಕೊಳ್ಳುವುದಿಲ್ಲ. ಕನ್ನಡದಲ್ಲಿ ಕೈಪಿಡಿ ಬರೆಯುವವರಿಗೆ ಇನ್ನೊಂದು ಹೆಚ್ಚಿನ ತೊಂದರೆ ಇದೆ. ಇಂಗ್ಲಿಷಿನ ಕಮಾಂಡಿಗೆ ಅಂಟಿಸಿ ‘ನಲ್ಲಿ’, ‘ಗೆ’ ಎಂಬ ವಿಭಕ್ತಿ ಬರೆದಾಗ ನಡುವೆ ಒತ್ತಕ್ಷರ ತಡೆಯಲು ಹಾಕುವ ಶೂನ್ಯ ಅಗಲದ ಅಕ್ಷರ, ಯೂನಿಕೋಡ್‌ನ 200ಸಿ, ಸೇರಿಕೊಳ್ಳುತ್ತದೆ. ಅದು ಕಾಣುವುದಿಲ್ಲ, ಆದರೆ ಕಮಾಂಡ್ ಜೊತೆ ನಕಲಾಗಿ ಬರುತ್ತದೆ, ‘ಕಮಾಂಡ್ ಸಿಗಲಿಲ್ಲ’ ಎಂಬ ಉತ್ತರ ತರುತ್ತದೆ. ಆದ್ದರಿಂದ ಕಮಾಂಡ್ ಯಾವಾಗಲೂ ತನ್ನದೇ ಸಾಲಿನಲ್ಲಿ, ಯಾವ ವಿಭಕ್ತಿಯೂ ತಾಗದಂತೆ ಇರಲಿ. ವಿಳಾಸಗಳಲ್ಲಿ ಕನ್ನಡ ಅಂಕಿ ಬೇಡ. ಕನ್ನಡದ ಸೊನ್ನೆಯಂತೂ ಅನುಸ್ವಾರದೊಡನೆ ಬೆರೆತು ಹುಡುಕಾಟಕ್ಕೂ ಸಿಗುವುದಿಲ್ಲ. ಅನುಮಾನ ಬಂದ ಫೈಲನ್ನು ಕ್ಯಾಟ್ ಕಮಾಂಡಿಗೆ ದೊಡ್ಡಕ್ಷರದ ಎ ಆಯ್ಕೆ ಕೊಟ್ಟು ನೋಡಿದರೆ ಅಡಗಿದ ಅಕ್ಷರಗಳೆಲ್ಲ ವಿಚಿತ್ರ ಚಿಹ್ನೆಗಳಾಗಿ ಹೊರಬೀಳುತ್ತವೆ.

ಹಂತ 7: ಬೇರೆಯವರ ಕೈಯಲ್ಲಿ ಪರೀಕ್ಷಿಸಿ

ಸ್ನ್ಯಾಪ್‌ಶಾಟ್‌ಗೆ ಮರಳಿ, ತಿದ್ದಿದ ಕೈಪಿಡಿಯನ್ನು ಮೊದಲಿನಿಂದ ನಡೆಸಿ. ಒಮ್ಮೆ ಸಾಮಾನ್ಯ ಬಳಕೆದಾರರಾಗಿ, ಒಮ್ಮೆ ರೂಟ್ ಆಗಿ. ನಂತರ ಹೋಸ್ಟನ್ನು ರೀಬೂಟ್ ಮಾಡಿ ಗೆಸ್ಟ್‌ನ ಸಂಪರ್ಕ ತಾನಾಗಿ ಮರಳುತ್ತದೆಯೇ ನೋಡಿ. ಹಿಂದಿರುಗುವ ಹಂತಗಳನ್ನು ಬರೆದಿದ್ದರೆ ಅವನ್ನೂ ಓಡಿಸಿ; ಯಾರೂ ಓಡಿಸಿ ನೋಡದ ಹಂತಗಳಲ್ಲಿ ಇವೇ ಮೊದಲನೆಯವು.

ಆಮೇಲೆ ವಿಷಯ ಗೊತ್ತಿಲ್ಲದ ಸಹೋದ್ಯೋಗಿಯೊಬ್ಬರಿಗೆ ಪುಟ ಕೊಟ್ಟು, ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿಕೊಂಡು ನೋಡಿ. ಅವರು ‘ಇದು ಎಲ್ಲಿ ಟೈಪ್ ಮಾಡಬೇಕು?’ ಎಂದು ಕೇಳಿದ ಜಾಗದಲ್ಲಿ ಉತ್ತರ ಹೇಳಬೇಡಿ, ಪುಟದಲ್ಲಿ ಬರೆಯಿರಿ.

ಈ ಹಂತದಲ್ಲಿ ಕಾಣಬಹುದಾದ ಎಚ್ಚರಿಕೆಯ ಸೂಚನೆಗಳು ಮೂರು. ನಿಮ್ಮಲ್ಲಿ ಮೊದಲ ಸಲಕ್ಕೆ ಆಗದೆ ಎರಡನೇ ಸಲಕ್ಕೆ ಆದರೆ, ಹಂತಗಳ ಕ್ರಮ ಇನ್ನೂ ತಪ್ಪಿದೆ. ಮೊದಲ ಸಲ ಉಳಿದ ಸ್ಥಿತಿಯೇ ಎರಡನೇ ಸಲಕ್ಕೆ ಸಹಾಯ ಮಾಡಿದೆ. ಐಪಿ ವಿಳಾಸಕ್ಕೆ ಹೋಗಿ ಹೆಸರಿಗೆ ಹೋಗದಿದ್ದರೆ ಡಿಎನ್‌ಎಸ್ (ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸುವ ಸೇವೆ) ಹಂತ ಬಿಟ್ಟುಹೋಗಿದೆ. ಗೆಸ್ಟ್‌ಗೆ 169.254ರಿಂದ ಆರಂಭವಾಗುವ ವಿಳಾಸ ಬಂದರೆ ಡಿಎಚ್‌ಸಿಪಿಯ (ವಿಳಾಸ ಹಂಚುವ ಸೇವೆಯ) ಉತ್ತರ ಗೆಸ್ಟ್‌ಗೆ ತಲುಪಿಲ್ಲ, ಈ ಮಾರ್ಗದರ್ಶಿಯ ನಾಲ್ಕನೇ ಹಂತಕ್ಕೆ ಹಿಂದಿರುಗಿ.

ಹಂತ 8: ಸಲ್ಲಿಸಿ

ಒಂದು ಸಲ್ಲಿಕೆಯಲ್ಲಿ ಒಂದೇ ತಪ್ಪಿನ ತಿದ್ದುಪಡಿ ಇರಲಿ. ವಿಳಾಸದ ತಪ್ಪಿನ ಜೊತೆಗೆ ಇಡೀ ಪುಟದ ವ್ಯಾಕರಣವನ್ನೂ ಸರಿಮಾಡಿ ಕಳಿಸಿದರೆ ಪರಿಶೀಲಕರಿಗೆ ಮುಖ್ಯ ಬದಲಾವಣೆ ಕಾಣದೆ ಅದು ತಿಂಗಳುಗಟ್ಟಲೆ ಕೊಳೆಯುತ್ತದೆ. ಕಮಿಟ್ (ಗಿಟ್‌ನಲ್ಲಿ ಬದಲಾವಣೆಯ ದಾಖಲೆ) ಸಂದೇಶದಲ್ಲಿ ಯಾವ ಆವೃತ್ತಿಯಲ್ಲಿ, ಯಾವ ಹಂತದಲ್ಲಿ, ಯಾವ ಔಟ್‌ಪುಟ್ ಬಂತು, ಮೂಲ ಕಾರಣ ಯಾವ ಹಂತದಲ್ಲಿ ಇತ್ತು ಎಂಬ ನಾಲ್ಕು ಸಂಗತಿಗಳನ್ನು ಬರೆಯಿರಿ. ಮೂರನೇ ಹಂತದಲ್ಲಿ ಉಳಿಸಿಟ್ಟ ದಾಖಲೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಾರ್ವಜನಿಕವಾಗಿ ಕಳಿಸುವ ಮೊದಲು ಅದರಲ್ಲಿರುವ ಕಚೇರಿಯ ಹೋಸ್ಟ್ ಹೆಸರು, ನಿಜವಾದ ಐಪಿ, ಮ್ಯಾಕ್ ವಿಳಾಸಗಳನ್ನು ಮಾದರಿ ವಿಳಾಸಗಳಿಗೆ ಬದಲಿಸಿ. ಕ್ಯೂಎಮು ಮತ್ತು ಲಿಬ್‌ವರ್ಟ್ ಯೋಜನೆಗಳು ಪ್ರತಿ ಕಮಿಟ್‌ನಲ್ಲೂ ಸೈನ್ಡ್-ಆಫ್-ಬೈ ಸಾಲು ಕೇಳುತ್ತವೆ. ಗಿಟ್ ಕಮಿಟ್‌ಗೆ ಸಣ್ಣಕ್ಷರದ ಎಸ್ ಆಯ್ಕೆ ಕೊಟ್ಟರೆ ಅದು ತಾನಾಗಿ ಸೇರುತ್ತದೆ.

ಸಲ್ಲಿಸುವ ಮೊದಲು ಅದೇ ತಪ್ಪು ಸಾಲನ್ನು ಇಡೀ ಭಂಡಾರದಲ್ಲಿ ಗಿಟ್ ಗ್ರೆಪ್‌ನಿಂದ ಹುಡುಕಿ. ಕೈಪಿಡಿ ಬರೆಯುವವರೂ ನಕಲಿಸಿ ಅಂಟಿಸುವವರೇ ಆದ್ದರಿಂದ ಒಂದು ಪುಟದ ತಪ್ಪು ಅನುಸ್ಥಾಪನೆಯ ಪುಟದಲ್ಲಿ, ದೋಷ ನಿವಾರಣೆಯ ಪುಟದಲ್ಲಿ, ಅನುವಾದಗಳಲ್ಲಿ ಹರಡಿರುತ್ತದೆ. ಗ್ರೆಪ್‌ಗೆ ಸಿಗದ ಜಾಗ ಒಂದಿದೆ: ಚಿತ್ರಗಳು. ಪಠ್ಯದಲ್ಲಿ ಬಿಆರ್0 ಎಂದು ತಿದ್ದಿ, ಸ್ಕ್ರೀನ್‌ಶಾಟ್‌ನಲ್ಲಿ ವಿರ್‌ಬಿಆರ್0 ಉಳಿದರೆ ಓದುಗರು ನಂಬುವುದು ಚಿತ್ರವನ್ನು.

ಹಳೆಯ ಆವೃತ್ತಿಗಷ್ಟೇ ಸಲ್ಲುವ ಪುಟವಿದ್ದರೆ ಅದನ್ನು ಅಳಿಸದೆ, ಮೇಲ್ತುದಿಯಲ್ಲಿ ಎರಡು ಸಾಲು ಬರೆದು ಬಿಡಿ: ಇದು ಯಾವ ಆವೃತ್ತಿಯವರೆಗೆ ಅನ್ವಯಿಸುತ್ತದೆ, ಅದರ ನಂತರದವರು ಯಾವ ಪುಟ ನೋಡಬೇಕು. ಶೀರ್ಷಿಕೆಗಳನ್ನು ಬದಲಿಸಿದ್ದರೆ ಪುಟದೊಳಗಿನ ಕೊಂಡಿಗಳು ಮುರಿದಿರುತ್ತವೆ. ಪುಟವನ್ನು ಒಮ್ಮೆ ಬಿಲ್ಡ್ ಮಾಡಿ, ಹಳೆಯ ಕೊಂಡಿಗಳನ್ನು ಒತ್ತಿ ನೋಡಿ, ಆಮೇಲೆ ಕಳಿಸಿ.